ಲ್ಯಾಪ್‌ಟಾಪ್ ರಿಪೇರಿಗೂ ಲಿಖಿತ ಚೀಟಿ ಬೇಕು

ಮಾನ್ಯ ಸಂಪಾದಕರೇ,

ಕಾಲೇಜುಗಳು ಶುರುವಾಗುವ ಹೊತ್ತಿಗೆ ಮಂಡ್ಯ ಮತ್ತು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳ ವ್ಯಾಪಾರ ಜೋರಾಗುತ್ತದೆ. ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳು, ಹೊಸದನ್ನು ಕೊಳ್ಳಲು ಹಣ ಹೊಂದಿಸಲಾಗದ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈ ಸೇರುತ್ತವೆ. ಇದು ಒಳ್ಳೆಯದೇ, ಇನ್ನೂ ಕೆಲಸ ಮಾಡುವ ಯಂತ್ರ ಗುಜರಿಗೆ ಹೋಗುವುದಕ್ಕಿಂತ ಒಬ್ಬ ವಿದ್ಯಾರ್ಥಿಯ ಮೇಜಿನ ಮೇಲಿರುವುದು ಮೇಲು. ತೊಂದರೆ ಶುರುವಾಗುವುದು ಅದು ಮೊದಲ ಬಾರಿಗೆ ರಿಪೇರಿಗೆ ಹೋದಾಗ. ಕೀಬೋರ್ಡನ್ನೋ ಹಿಂಜನ್ನೋ ಬದಲಾಯಿಸಲು ಕೊಟ್ಟ ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ ಏಳುವುದೇ ಇಲ್ಲ, ಅದಕ್ಕೆ ಹೊಣೆ ಯಾರೆಂದು ಹೇಳುವ ಒಂದು ತುಂಡು ಕಾಗದವೂ ಗ್ರಾಹಕರ ಬಳಿ ಇರುವುದಿಲ್ಲ.

ಇತ್ತೀಚೆಗೆ ನನ್ನ ಅಣ್ಣನ ಮಗಳಿಗೆ ಆದದ್ದೂ ಇದೇ. ಕೀಬೋರ್ಡ್ ಬದಲಾಯಿಸಿಕೊಂಡು ತಂದ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಲಾಂಛನ ಮೂಡಿ, ಚುಕ್ಕಿಗಳು ಎರಡು ಸುತ್ತು ತಿರುಗಿ, ನೀಲಿ ಪರದೆ ಬಂದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ರಿಪೇರಿ ಮಾಡಿದವರನ್ನು ಕೇಳಿದರೆ, ‘ನಾವು ಮುಟ್ಟಿದ್ದು ಕೀಬೋರ್ಡ್ ಮಾತ್ರ, ಇದು ವಿಂಡೋಸ್ ಸಮಸ್ಯೆ, ಫಾರ್ಮ್ಯಾಟ್ ಮಾಡಬೇಕು’ ಎಂದರು. ಇನ್ನೊಂದು ಅಂಗಡಿಯವರು ‘ಬೋರ್ಡ್ ಹೋಗಿದೆ’ ಎಂದು ಹೊಸ ಬೋರ್ಡಿನ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಫಲಕದ, ದರವನ್ನೇ ಹೇಳಿಬಿಟ್ಟರು. ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಎರಡೂ ಮಾತು ಒಪ್ಪಿಗೆಯಾಗಲಿಲ್ಲ. ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ತೆರೆದು ನೋಡಿದಾಗ ಅಲ್ಲಿನ ದಿನಾಂಕ ಹತ್ತು ವರ್ಷಕ್ಕೂ ಹಿಂದಿನದಾಗಿತ್ತು. ಆ ಒಂದು ಸಾಲಿನಲ್ಲೇ ಅರ್ಧ ಉತ್ತರವಿತ್ತು.

ಆ ಮಾದರಿಯಲ್ಲಿ ಕೀಬೋರ್ಡ್ ಬಿಚ್ಚಬೇಕಾದರೆ ಬ್ಯಾಟರಿಯ ಕನೆಕ್ಟರ್ ತೆಗೆಯಲೇಬೇಕು. ಆಗ ಬಯಾಸ್‌ನ ಗಡಿಯಾರವನ್ನೂ ಸೆಟ್ಟಿಂಗುಗಳನ್ನೂ ಉಳಿಸಿಕೊಳ್ಳಬೇಕಾದದ್ದು ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಸಣ್ಣ ಸೆಲ್. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಲ್ ಎಂದೋ ಸತ್ತಿದ್ದರೂ ದೊಡ್ಡ ಬ್ಯಾಟರಿ ಇರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಬ್ಯಾಟರಿ ಕಳಚಿದ ಕ್ಷಣ ಇಂಥ ಹಲವು ಯಂತ್ರಗಳಲ್ಲಿ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ಈ ಯಂತ್ರವನ್ನು ಮಾರಿದವರು ಡಿಸ್ಕ್ ನಿಯಂತ್ರಣವನ್ನು ಎಎಚ್‌ಸಿಐ ಎಂಬ ವಿಧಾನದಲ್ಲಿಟ್ಟು ವಿಂಡೋಸ್ ಹಾಕಿದ್ದರು. ಅದು ತಾನಾಗಿ ರೇಡ್ ಎಂಬ ಇನ್ನೊಂದು ವಿಧಾನಕ್ಕೆ ಹೊರಳಿತ್ತು. ವಿಂಡೋಸ್‌ಗೆ ತನ್ನ ಡಿಸ್ಕೇ ಕಾಣಿಸದಿದ್ದಾಗ ನೀಲಿ ಪರದೆಯಲ್ಲದೆ ಇನ್ನೇನು ಬಂದೀತು? ಸೆಲ್ ಬದಲಾಯಿಸಿ, ಸೆಟ್ಟಿಂಗನ್ನು ಮೊದಲಿನಂತೆ ಮಾಡಿದ್ದೇ ತಡ, ವಿಂಡೋಸ್ ತೆರೆಯಿತು, ಅವಳ ಪ್ರಾಜೆಕ್ಟಿನ ಕಡತಗಳೆಲ್ಲ ಇದ್ದಲ್ಲೇ ಇದ್ದವು. ಫಾರ್ಮ್ಯಾಟ್ ಮಾಡಿದ್ದರೆ ಅವೂ ಹೋಗುತ್ತಿದ್ದವು.

ರಿಪೇರಿಯ ನಂತರ ಕಾಣಿಸುವ ದೋಷಗಳಲ್ಲಿ ಎಷ್ಟೋ ಇಂಥವೇ. ರ‍್ಯಾಮ್ ಸರಿಯಾಗಿ ಕೂತಿರುವುದಿಲ್ಲ, ಕಡತಗಳಿರುವ ಎಸ್‌ಎಸ್‌ಡಿ ಸಡಿಲವಾಗಿರುತ್ತದೆ, ಫ್ಯಾನಿನ ವೈರ್ ಸಿಕ್ಕಿಸುವುದೇ ಮರೆತುಹೋಗಿರುತ್ತದೆ. ಪರದೆ ಕಪ್ಪಾಗಿದ್ದರೂ ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಹತ್ತಿ ಆರುತ್ತಿದ್ದರೆ, ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ ನೋಡಬೇಕು. ಅಲ್ಲಿ ಚಿತ್ರ ಬಂದರೆ ಬೋರ್ಡ್ ಬಹುಮಟ್ಟಿಗೆ ನೆಟ್ಟಗಿದೆ, ಡಿಸ್‌ಪ್ಲೇ ಕೇಬಲನ್ನೋ ಪರದೆಯನ್ನೋ ಅನುಮಾನಿಸಬೇಕು ಎಂದರ್ಥ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿ ಬೋರ್ಡನ್ನೇ ಚುಚ್ಚಿ ಹಾಳುಮಾಡುವುದೂ ಉಂಟು. ಅದು ಮಾತ್ರ ಸುಲಭಕ್ಕೆ ಸರಿಹೋಗುವುದಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಇನ್ನು, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇರುವ ಲ್ಯಾಪ್‌ಟಾಪಿನ ಬೋರ್ಡ್ ಬದಲಾಯಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾವ ಮೆಕ್ಯಾನಿಕ್ಕೂ ತೆಗೆದುಕೊಡಲಾರ. ಆ ಕೀಯನ್ನು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಂಡೇ ಲ್ಯಾಪ್‌ಟಾಪ್ ಒಪ್ಪಿಸುವಂತೆ ಗ್ರಾಹಕರಿಗೆ ಮೊದಲೇ ತಿಳಿಸುವುದು ಅಂಗಡಿಯವರ ಕರ್ತವ್ಯ.

ಬೈಕನ್ನು ಸರ್ವಿಸ್‌ಗೆ ಬಿಟ್ಟರೆ ಮಾಡಬೇಕಾದ ಕೆಲಸ ಬರೆದ ಜಾಬ್ ಕಾರ್ಡ್ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಬೆಲೆಬಾಳುವ ಮಾಹಿತಿ ತುಂಬಿಕೊಂಡಿರುವ ಲ್ಯಾಪ್‌ಟಾಪನ್ನು ಬಾಯಿಮಾತಿನ ಮೇಲೆ ಬಿಟ್ಟುಬರುವುದು ನಮಗೆ ರೂಢಿಯಾಗಿಬಿಟ್ಟಿದೆ. ರಸೀದಿ ಕೇಳಿದರೆ ‘ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗಾಗಲಿ, ಮಾಡಿದ ಸೇವೆಗಾಗಲಿ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಅರ್ಜಿಗೆ ಶುಲ್ಕವೂ ಇಲ್ಲ. ರಸೀದಿಯಿಲ್ಲದೆ ಅಲ್ಲಿ ವಾದ ಮಾಡುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರೆಂಬುದು ನನ್ನ ಮಾತಲ್ಲ. ಸಣ್ಣ ಅಂಗಡಿಯಲ್ಲಿ ಕೂತು, ಸಿಗದ ಬಿಡಿಭಾಗಕ್ಕೆ ಬೆಂಗಳೂರಿನವರೆಗೆ ಫೋನ್ ಮಾಡಿ ತರಿಸಿ, ಕಡಿಮೆ ದರಕ್ಕೆ ದುಡಿಯುವ ನಿಪುಣರನ್ನು ನಾನು ಬಲ್ಲೆ. ಅಂಥವರಿಗೂ ಜಾಬ್ ಕಾರ್ಡಿನಂಥ ಲಿಖಿತ ಚೀಟಿಯೇ ರಕ್ಷಣೆ, ಏಕೆಂದರೆ ಮೊದಲೇ ಸತ್ತಿದ್ದ ಸೆಲ್ಲಿನ ಅಪವಾದ ಅವರ ತಲೆಗೆ ಬರುವುದಿಲ್ಲ. ಆದ್ದರಿಂದ ಮಂಡ್ಯ, ಮೈಸೂರಿನ ರಿಪೇರಿ ಅಂಗಡಿಗಳ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು: ಲ್ಯಾಪ್‌ಟಾಪ್ ತೆಗೆದುಕೊಳ್ಳುವಾಗ ಗ್ರಾಹಕರ ಎದುರಿಗೇ ಆನ್ ಮಾಡಿ ಸ್ಥಿತಿಯನ್ನು ಬರೆದುಕೊಳ್ಳಿ, ಯಾವ ಭಾಗ ಬಿಚ್ಚಿದಿರಿ, ಏನು ಬದಲಾಯಿಸಿದಿರಿ, ಬಯಾಸ್‌ನಲ್ಲಿ ಯಾವ ಸೆಟ್ಟಿಂಗ್ ಇತ್ತು ಎಂಬುದನ್ನು ನಮೂದಿಸಿ, ತೆಗೆದ ಹಳೆಯ ಭಾಗವನ್ನು ವಾಪಸ್ ಕೊಡಿ, ಹಣ ಪಡೆಯುವ ಮುನ್ನ ವಿಂಡೋಸ್ ಪೂರ್ತಿ ತೆರೆದು ತೋರಿಸಿ. ಇದಕ್ಕೆ ಸಾಫ್ಟ್‌ವೇರ್ ಏನೂ ಬೇಕಿಲ್ಲ, ಕಾರ್ಬನ್ ಹಾಳೆಯಿಟ್ಟು ಬರೆಯುವ ಒಂದು ಬಿಲ್ ಪುಸ್ತಕ ಸಾಕು.

– ಓರ್ವ ಓದುಗ, ಮಂಡ್ಯ