ಬಿಲ್ಲು ಪಾವತಿಗೆ ಮುನ್ನ ಅಳತೆ ಪುಸ್ತಕ ತೋರಿಸಿ: ಆಯುಕ್ತರಿಗೆ ಅಡ್ಡರಸ್ತೆ ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ

ಇವರಿಂದ,
ಮೂರನೇ ಅಡ್ಡರಸ್ತೆಯ ನಿವಾಸಿಗಳು

ವಿಷಯ: ಚರಂಡಿ ಕಾಮಗಾರಿಯ ದಾಖಲೆಗಳನ್ನು ಸಾರ್ವಜನಿಕ ಪರಿಶೀಲನೆಗೆ ಒದಗಿಸುವ ಕುರಿತು.

ಮಾನ್ಯರೇ,

ನಮ್ಮ ಅಡ್ಡರಸ್ತೆಯ ಚರಂಡಿಯನ್ನು ಕಳೆದ ಬೇಸಿಗೆಯಲ್ಲಿ ಹೊಸದಾಗಿ ಕಟ್ಟಲಾಯಿತು. ಹಿಟ್ಟಿನ ಗಿರಣಿಯ ಎದುರು ಅದು ಮೊಣಕಾಲುದ್ದ ಆಳವಿದೆ. ಅಲ್ಲಿಂದ ನಾಲ್ಕು ಮನೆ ದಾಟಿದರೆ, ನೀರು ಹರಿದು ಹೋಗಬೇಕಾದ ದಿಕ್ಕಿನಲ್ಲೇ, ಆಳ ಒಂದು ಗೇಣಿಗೆ ಇಳಿದಿದೆ. ಜೋರು ಮಳೆ ಬಂದರೆ ಕೊಳಚೆ ಹಿಮ್ಮುಖವಾಗಿ ನುಗ್ಗಿ ಗಿರಣಿ ಪಕ್ಕದ ಮನೆಗಳ ಹೊಸ್ತಿಲು ದಾಟುತ್ತದೆ. ಆ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರೂ ಇದ್ದಾರೆ. ಎರಡು ಕಡೆ ಚಪ್ಪಡಿ ಒಡೆದು ಬಿದ್ದದ್ದರಿಂದ ಇಷ್ಟಾದರೂ ತಿಳಿಯಿತು. ಉಳಿದ ಉದ್ದಕ್ಕೂ ಒಳಗೆ ಹೇಗಿದೆಯೋ ಚಪ್ಪಡಿ ಎತ್ತದೆ ಹೇಳುವಂತಿಲ್ಲ.

ಆದ್ದರಿಂದಲೇ ನಾವು ಅಳತೆ ಪುಸ್ತಕ ಕೇಳುತ್ತಿದ್ದೇವೆ. ಮುಚ್ಚಿಹೋಗುವ ಕೆಲಸದ ಉದ್ದ, ಅಗಲ, ಆಳವನ್ನು ಮುಚ್ಚುವ ಮೊದಲೇ ಸ್ಥಳದಲ್ಲಿ ಅಳೆದು ಅದರಲ್ಲಿ ದಾಖಲಿಸಬೇಕು. ಗುತ್ತಿಗೆದಾರರಿಗೆ ಹಣ ಸಂದಾಯವಾಗುವುದು ಆ ಅಳತೆಯ ಮೇಲೆಯೇ. ಟೆಂಡರ್ ವಿವರವನ್ನು ಈಗ ಮನೆಯಲ್ಲೇ ಕುಳಿತು ಸರ್ಕಾರಿ ಪೋರ್ಟಲ್‌ನಲ್ಲಿ ನೋಡಬಹುದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಿಂದ ಟೆಂಡರ್ ಹಂತಕ್ಕೆ ಬೆಳಕು ಬಂದಿತು, ಅದನ್ನು ಒಪ್ಪುತ್ತೇವೆ. ಆದರೆ ಕಾರ್ಯಾದೇಶ ಹೊರಟ ಮೇಲೆ ಏನು ನಡೆಯಿತು ಎಂಬುದೇ ಜನರ ಕಣ್ಣಿಗೆ ಬೀಳುತ್ತಿಲ್ಲ. ನಮ್ಮ ಬೀದಿಯ ಮಾಹಿತಿ ಫಲಕದಲ್ಲಿ ‘ಅಂದಾಜು ಮೊತ್ತ’, ‘ನಿರ್ವಹಣಾ ಅವಧಿ’ ಎಂಬ ಸಾಲುಗಳಿವೆ, ಅವುಗಳ ಮುಂದೆ ಖಾಲಿ ಬಿಡಲಾಗಿದೆ.

ವಾರ್ಡ್ ಕಚೇರಿಯಲ್ಲಿ ವಿಚಾರಿಸಿದಾಗ ‘ನಿಮಗೇಕೆ ಬೇಕು?’ ಎಂಬ ಉತ್ತರ ಬಂದಿತು. ತೆರಿಗೆ ಕಟ್ಟುವವರನ್ನು ಹೀಗೆ ಕೇಳುವುದು ನೋವಿನ ಸಂಗತಿ. ಮಾಹಿತಿ ಹಕ್ಕು ಅಧಿನಿಯಮ, 2005ರ ಸೆಕ್ಷನ್ 6(2)ರಂತೆ ಅರ್ಜಿದಾರರು ಕಾರಣ ಹೇಳಬೇಕಾಗಿಯೇ ಇಲ್ಲ. ಸೆಕ್ಷನ್ 2(ಜೆ) ಪ್ರಕಾರ ಕಡತ ನೋಡುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಾಗರಿಕರಿಗಿದೆ. ಸೆಕ್ಷನ್ 4 ಹೇಳುವುದಂತೂ, ಜನ ಅರ್ಜಿ ಹಾಕಿ ಕಾಯುವಂತಾಗದೆ ಕಚೇರಿಯೇ ಸ್ವಯಂಪ್ರೇರಿತವಾಗಿ ಮಾಹಿತಿ ಪ್ರಕಟಿಸಬೇಕೆಂದು.

ಅಂತಿಮ ಬಿಲ್ಲು ಇನ್ನೂ ಪಾವತಿಯಾಗಿಲ್ಲವೆಂದು ತಿಳಿದುಬಂದಿದೆ. ಅದನ್ನು ತಡೆಹಿಡಿದು, ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿಗಳನ್ನು ವಾರ್ಡ್ ಕಚೇರಿಯಲ್ಲಿ ಇರಿಸಬೇಕು. ನಾವು ಸೂಚಿಸುವ ಜಾಗಗಳಲ್ಲಿ ಚಪ್ಪಡಿ ಎತ್ತಿಸಿ ನಮ್ಮೆದುರಿನಲ್ಲೇ ಮರು ಅಳತೆ ಮಾಡಿಸಬೇಕು. ಇಳಿಜಾರು ತಪ್ಪಿದ್ದರೆ ಗುತ್ತಿಗೆದಾರರ ವೆಚ್ಚದಲ್ಲೇ ಸರಿಪಡಿಸಬೇಕು. ಮುಂದಿನ ಕಾಮಗಾರಿಗಳಿಗೂ ಇದೇ ಪದ್ಧತಿ ಇರಲಿ. 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ಸಮಿತಿಯ ಸಭೆಯ ದಿನಾಂಕವನ್ನು ಮುಂಚಿತವಾಗಿ ಪ್ರಕಟಿಸಿ, ಬಿಲ್ಲಿಗೆ ಬಂದ ಪ್ರತಿಯೊಂದು ಕಾಮಗಾರಿಯ ಅಳತೆಯನ್ನು ಅಲ್ಲಿ ಓದಿ ಹೇಳಿಸಿದರೆ ಇಂತಹ ಮನವಿ ಬರೆಯುವ ಪ್ರಮೇಯವೇ ಬರುವುದಿಲ್ಲ.

ಮರು ಅಳತೆಯ ದಿನವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ. ಆ ದಿನ ಬೀದಿಯ ವಾಹನಗಳನ್ನು ತೆರವುಗೊಳಿಸಿ, ಸಿಬ್ಬಂದಿಗೆ ಬೇಕಾದ ಸಹಕಾರ ನೀಡುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಮೂರನೇ ಅಡ್ಡರಸ್ತೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮಾನ್ಯ ಮೇಯರ್ ಹಾಗೂ ವಾರ್ಡ್ ಸದಸ್ಯರಿಗೆ