ಟಿಕೆಟ್ಟಿನ ಹಿಂಬದಿಯ ಅಕ್ಷರಗಳು

ಅಮ್ಮ ಸೋಮವಾರ ತುಮಕೂರಿನ ಮನೆಗೆ ಮರಳಿದಳು. ನಂದಿಬೆಟ್ಟಕ್ಕೆ ಹೋಗಿದ್ದಾಗ ಅವಳ ಆರೋಗ್ಯ ಕೆಟ್ಟು ಆಸ್ಪತ್ರೆ ಸೇರಬೇಕಾಗಿ ಬಂದದ್ದು ನಿಮಗೆಲ್ಲ ತಿಳಿದೇ ಇದೆ, ಮತ್ತೆ ವಿವರವಾಗಿ ಬರೆಯುವುದಿಲ್ಲ. ಬೆಟ್ಟದ ಮೇಲಿನ ಅಮೃತ ಸರೋವರದ ಮೆಟ್ಟಿಲ ಬಳಿಯಿಂದ ಅವಳನ್ನು ಹೊತ್ತು ತಂದ ಕಾಲೇಜು ಹುಡುಗರಿಗೆ, ಚಿಕ್ಕಬಳ್ಳಾಪುರದ ಆಸ್ಪತ್ರೆಯ ದಾದಿಯರಿಗೆ, ಊಟದ ಕ್ಯಾರಿಯರ್ ತಪ್ಪಿಸದ ಚಿಕ್ಕಮ್ಮನಿಗೆ ನಾವು ಋಣಿಗಳು.

ಉಳಿದ ಮಾತೆಲ್ಲ ಒಬ್ಬರಿಗೆ ಸಲ್ಲಬೇಕು. ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಅಂದು ಸಂಜೆ ನಂದಿಬೆಟ್ಟದ ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು ಒಬ್ಬರೇ ನಡೆಯುತ್ತಿದ್ದ ಅವರು, ನಾವು ಕೇಳುವ ಮೊದಲೇ ತಮ್ಮ ಕಾರಿನ ಬಾಗಿಲು ತೆರೆದು ಹಿಂದಿನ ಸೀಟು ಖಾಲಿ ಮಾಡಿದರು. ಮಫ್ಲರ್ ಜಾರಿದಾಗಲೇ ಗೊತ್ತಾದದ್ದು, ಎಷ್ಟೋ ಕನ್ನಡ ಸಿನಿಮಾಗಳಲ್ಲಿ ಅಮಾಯಕರ ಆಸ್ತಿ ಲಪಟಾಯಿಸುತ್ತ ಬಂದಿರುವ ಖಳನಟರು ಅವರೆಂದು. ಟೀವಿಯ ಮುಂದೆ ಕುಳಿತು ಅಮ್ಮ ಅವರಿಗೆ ಹಾಕಿರುವ ಶಾಪಕ್ಕೆ ಲೆಕ್ಕವಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬಿಟ್ಟು ಹೊರಡುತ್ತಾರೆಂದುಕೊಂಡಿದ್ದೆ. ಸೆಲ್ಫಿಗೆ ಮುತ್ತಿದವರನ್ನು ‘ಬೆಳಿಗ್ಗೆ ನೋಡೋಣ’ ಎಂದು ಸಾಗಹಾಕಿ, ತಮ್ಮ ರಜೆಯ ಒಂದೇ ಒಂದು ರಾತ್ರಿಯನ್ನು ತುರ್ತು ಚಿಕಿತ್ಸಾ ಘಟಕದೆದುರಿನ ಕಬ್ಬಿಣದ ಬೆಂಚಿನ ಮೇಲೆ ಕಳೆದರು. ಎರಡೂವರೆಯ ಹೊತ್ತಿಗೆ ನನ್ನ ಧೈರ್ಯ ಉಡುಗಿತು. ‘ಸಾಕು ಕಣೋ, ಇಲ್ಲೇ ಕೂತಿರ್ತೀನಿ’ ಎಂದ ಅಮ್ಮನನ್ನು, ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲೆಂದೇ 1927ರಲ್ಲಿ ಬಂದು ತಂಗಿದ್ದ ಬೆಟ್ಟವಿದು, ನಿನಗೇನಾಗುತ್ತದೆ ಎಂದು ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯಂಚಿನವರೆಗೆ ಎಳೆದುಕೊಂಡು ಹೋದವನು ನಾನೇ. ಅದನ್ನು ಅವರೆದುರು ಹೇಳಿಕೊಂಡು, ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ಚಹಾದ ಲೋಟದಲ್ಲಿ ಮುರಿದು ಬಿದ್ದ ಬಿಸ್ಕತ್ತನ್ನು ಇನ್ನೊಂದು ಬಿಸ್ಕತ್ತಿನಿಂದ ಎತ್ತಲು ಹೋಗಿ, ಅದನ್ನೂ ಬೀಳಿಸಿಕೊಂಡು, ‘ಸಿನಿಮಾದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನ ಕಥೆ ಮುಗಿದಿರುತ್ತಿತ್ತು’ ಎಂದರು. ನಗುವ ಹೊತ್ತಾಗಿರಲಿಲ್ಲ, ನಕ್ಕೆ. ಅವರು ಯಾಕೆ ಉಳಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಳಗಾದ ಮೇಲೆ ವೈದ್ಯರು ಮಾತ್ರೆಗಳ ಹೊತ್ತು ಹೇಳುವಾಗ ನನ್ನ ಕೈ ಇನ್ನೂ ನಡುಗುತ್ತಿತ್ತು. ನನ್ನ ಜೇಬಿನಲ್ಲಿದ್ದ ಬೆಟ್ಟದ ಟಿಕೆಟ್ಟನ್ನು ತೆಗೆದುಕೊಂಡು, ಅದರ ಹಿಂಬದಿಯಲ್ಲಿ ಎಲ್ಲವನ್ನೂ ಗುಂಡಗೆ ಬರೆದುಕೊಟ್ಟು, ಅವರು ಹೊರಟುಹೋದರು. ಫೋಟೋ ಎಲ್ಲಿ ಎಂದು ಕೇಳುತ್ತಿರುವ ಗೆಳೆಯರಿಗೆ ತೋರಿಸಲು ನನ್ನಲ್ಲಿರುವುದು ಆ ಚೀಟಿ ಮಾತ್ರ. ಸರ್, ಅದೂ ಈಗ ನೀವು ಬರೆದಂತೆ ಉಳಿದಿಲ್ಲ, ಕ್ಷಮಿಸಬೇಕು. ನಮ್ಮಮ್ಮ ಆಯುಷ್ಯವಿಡೀ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಮನೆಗೆ ಬಂದು ದಿಂಬಿಗೊರಗಿ ಕುಳಿತವಳೇ ಚೀಟಿಯನ್ನು ತರಿಸಿಕೊಂಡು, ಕನ್ನಡಕ ಏರಿಸಿ, ನೀವು ‘ಮದ್ಯಾನ’ ಎಂದು ಬರೆದದ್ದನ್ನು ಕೆಂಪು ಪೆನ್ನಿನಿಂದ ‘ಮಧ್ಯಾಹ್ನ’ ಎಂದು ತಿದ್ದಿದ್ದಾಳೆ.