ಘಾಟಿಯಲ್ಲಿ ಆಫ್ ಆಗೋ ಗಾಡಿಗೆ ಸುಮ್ನೆ ಪಂಪ್ ಬಿಚ್ಚಿ ಬಿಲ್ ಮಾಡಿದ್ದರ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವ್ರಿಗೆ,

ಸಾರ್ ನಮಸ್ಕಾರ. ನಿಮ್ಮ ಕೌಂಟರಲ್ಲಿ ಬಾಯ್ಮಾತಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈಗ ಬರೆದೇ ಕಳಿಸ್ತಿದೀನಿ, ದಯವಿಟ್ಟು ಪೂರ್ತಿ ಓದಿ.

ನಮ್ದು 2012ರ ಮಾಡಲ್ ಡೀಸೆಲ್ ಪಿಕಪ್, ಕಂಪ್ಯೂಟರ್ ಕಂಟ್ರೋಲಿನ ಕಾಮನ್ ರೈಲ್ ಅಲ್ಲ, ಡೀಸೆಲ್ ಒತ್ತಿ ಕೊಡೋ ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್. ಸಕಲೇಶಪುರದಿಂದ ಮಂಗಳೂರಿಗೆ ಶುಂಠಿ, ತರಕಾರಿ ಹಾಕ್ಕೊಂಡು ಹೋಗೋದು, ವಾಪಸ್ ಬರ್ತಾ ಸಿಕ್ಕಿದ ಬಾಡಿಗೆ ತುಂಬ್ಕೊಂಡು ಬರೋದು, ಓಡ್ಸೋದೂ ನಾನೇ, ಮನೆ ನಡೆಯೋದೂ ಇದ್ರಿಂದಲೇ. ರಿಪೇರಿಗೆ ಗಾಡಿ ಬಿಡೋವಾಗಲೇ ನಿಮ್ಮ ಅಡ್ವೈಸರ್‌ಗೆ ಬಿಡಿಸಿ ಹೇಳಿದ್ದೆ, ಇಳಿಯೋವಾಗ ಏನೂ ತೊಂದ್ರೆ ಇಲ್ಲ, ವಾಪಸ್ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ಮೇಲೆ, ಅದೂ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಮಾತ್ರ, ಮೊದ್ಲು ಎಳೆತ ಕಮ್ಮಿ ಆಗುತ್ತೆ, ಇಂಜಿನ್ ಏರಿಳಿಯುತ್ತೆ, ಆಮೇಲೆ ಆಫ್ ಆಗುತ್ತೆ, ಡೀಸೆಲ್ ಫಿಲ್ಟರ್ ಮೇಲಿನ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ತುಂಬ್ಸೋ ಪಂಪ್) ಒತ್ತಿದ್ರೆ ಮೆತ್ತಗಿರುತ್ತೆ, ಅದು ಗಟ್ಟಿಯಾಗೋವರೆಗೂ ಒತ್ತಿ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ ಅಂತ. ಇಷ್ಟು ಹೇಳಿದ್ದಕ್ಕೆ ಜಾಬ್ ಕಾರ್ಡಲ್ಲಿ ಬರ್ದಿರೋದು "ಸ್ಟಾರ್ಟಿಂಗ್ ಟ್ರಬಲ್" ಅಂತ ಅಷ್ಟೇ. ನನ್ ದೂರಿನ ಬೇರು ಇಲ್ಲೇ ಇದೆ ಸಾರ್. ಅರ್ಧ ಟ್ಯಾಂಕ್ ಅನ್ನೋದನ್ನೂ ಏರು ಅನ್ನೋದನ್ನೂ ಬರ್ಕೊಂಡಿದ್ರೆ ಒಳಗಿರೋ ಮೆಕ್ಯಾನಿಕ್‌ಗೆ ಎಲ್ಲಿ ಹುಡುಕ್ಬೇಕು ಅಂತ ಗೊತ್ತಾಗ್ತಿತ್ತು.

ನೀವು ಮೊದ್ಲು ಡೀಸೆಲ್ ಫಿಲ್ಟರ್ ಚೇಂಜ್ ಮಾಡಿದ್ರಿ, ಸರಿ, ಅದು ಮಾಡ್ಬೇಕಾದ್ದೇ. ಆಮೇಲೆ ಸ್ಟಾಪ್ ಸೊಲೆನಾಯ್ಡ್, ಅಂದ್ರೆ ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಸೋ ಕರೆಂಟ್ ವಾಲ್ವ್, ಹೊಸದು ಹಾಕಿದ್ರಿ. ಸೊಲೆನಾಯ್ಡಿಗೆ ಕರೆಂಟ್ ಕಟ್ ಆದ್ರೆ ಕೀ ತಿರುಗಿಸಿದಂಗೆ ಗಾಡಿ ಒಂದೇ ಸಲಕ್ಕೆ ನಿಲ್ಲುತ್ತೆ, ಕರೆಂಟ್ ವಾಪಸ್ ಬಂದ್ರೆ ಪ್ರೈಮರ್ ಒತ್ತದೇನೇ ಸ್ಟಾರ್ಟ್ ಆಗುತ್ತೆ, ನಮ್ ಗಾಡಿದು ಹಂಗಲ್ಲ ಅಂತ ಮೊದಲೇ ಹೇಳಿದ್ದೆ. ಅದೂ ಸರಿಹೋಗ್ದೇ ಇದ್ದಾಗ ಪಂಪ್ ವೀಕ್ ಆಗಿದೆ ಅಂತ ಇಳಿಸಿ, ಟೆಸ್ಟ್ ಬೆಂಚ್ ಮಿಷನ್ ಮೇಲೆ ಅಳೆದು ಸರಿಹೊಂದಿಸೋ ಕ್ಯಾಲಿಬ್ರೇಷನ್‌ಗೆ ಕಳಿಸಿ 18,400 ರೂಪಾಯಿ ಬಿಲ್ ಮಾಡಿದ್ರಿ. ಟೆಸ್ಟ್ ಬೆಂಚ್ ರಿಪೋರ್ಟ್ ಕೊಡಿ ಅಂದ್ರೆ ಇವತ್ತಿನವರೆಗೂ ಕೊಟ್ಟಿಲ್ಲ. ಟ್ರಯಲ್ ನೋಡಿದ್ದು ಬೈಪಾಸಲ್ಲಿ, ಸಮ ರಸ್ತೇಲಿ, ಖಾಲಿ ಗಾಡೀಲಿ, ತುಂಬಿದ ಟ್ಯಾಂಕಲ್ಲಿ. ಹಂಗೆ ನೋಡಿದ್ರೆ ಈ ತೊಂದ್ರೆ ಯಾವತ್ತಿಗೂ ಕಾಣಿಸಲ್ಲ.

ಪಂಪ್ ಕೂರ್ಸಿದ್ಮೇಲೆ ಮೊದಲ್ನೇ ಲೋಡಿಗೇ ಮತ್ತೆ ಅದೇ ಏರಲ್ಲಿ ನಿಂತಿತು. ಬ್ರೇಕಿಗೆ ವ್ಯಾಕ್ಯೂಮ್ ಕೊಡೋ ಪಂಪು ಇಂಜಿನ್ ಓಡ್ತಿದ್ರೆ ಮಾತ್ರ ಕೆಲ್ಸ ಮಾಡೋದು, ಆಫ್ ಆದ್ಮೇಲೆ ಎರಡ್ಮೂರು ಸಲ ಒತ್ತಿದ್ರೆ ಪೆಡಲ್ ಗಟ್ಟಿಯಾಗುತ್ತೆ, ಸ್ಟೀರಿಂಗೂ ಭಾರ ಆಗುತ್ತೆ, ಹಿಂದೆ ಗ್ಯಾಸ್ ಟ್ಯಾಂಕರ್ ಹತ್ತಿಕೊಂಡು ಬರ್ತಿರುತ್ತೆ, ಮಳೆ ಬೇರೆ. ಹ್ಯಾಂಡ್ ಬ್ರೇಕ್ ಎಳ್ದು ಕ್ಲೀನರ್ ಹುಡುಗ ಇಳ್ದು ಚಕ್ರಕ್ಕೆ ಕಲ್ಲು ಕೊಟ್ಟ. ಇದು ಬರೀ ದುಡ್ಡಿನ ವಿಷ್ಯ ಅಂತ ದಯವಿಟ್ಟು ತಿಳ್ಕೋಬೇಡಿ.

ಕೊನೆಗೆ ನಮ್ಮೂರಿನ ಒಬ್ಬ ಪಂಪ್ ಮೆಕ್ಯಾನಿಕ್ ಹತ್ರ ಹೋದೆ. ಅವ್ರು ಒಂದು ಪಾರ್ಟೂ ಬದಲಾಯಿಸದೇ ಟ್ಯಾಂಕಿಗೂ ಫಿಲ್ಟರಿಗೂ ಮಧ್ಯೆ ಒಂದು ಮೊಳ ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ಕ್ಲ್ಯಾಂಪ್ ಬಿಗಿದ್ರು, ಟ್ಯಾಂಕಲ್ಲಿ ಡೀಸೆಲ್ ಕಮ್ಮಿ ಮಾಡಿ, ಗಾಡೀನ ಏರಲ್ಲಿ ನಿಲ್ಸಿ ರೇಸ್ ಕೊಟ್ರು. ಪೈಪಲ್ಲಿ ಸಾಲಾಗಿ ಗುಳ್ಳೆ ಬಂತು, ನಾನೇ ಕಣ್ಣಾರೆ ನೋಡಿದೆ. ಆಮೇಲೆ ಟ್ಯಾಂಕಿನ ಲೈನ್ ಬಿಚ್ಚಿ ಒಂದು ಕ್ಯಾನಿಂದ ನೇರವಾಗಿ ಡೀಸೆಲ್ ಕೊಟ್ರು, ಅದೇ ಜಾಗದಲ್ಲಿ ಒಂದೇ ಒಂದು ಗುಳ್ಳೆ ಇಲ್ಲ, ಗಾಡಿ ನಿಲ್ಲಲೇ ಇಲ್ಲ. ಅಲ್ಲಿಗೆ ಪಂಪೂ ಸರಿ ಇದೆ, ಮುಂದಿನ ಲೈನೂ ಸರಿ ಇದೆ ಅಂತ ಆಯ್ತು. ಟ್ಯಾಂಕ್ ಇಳಿಸಿದ್ರೆ ಒಳಗೆ ಡೀಸೆಲ್ ಎಳೆಯೋ ಕಬ್ಬಿಣದ ಪೈಪ್ ಮಧ್ಯದಲ್ಲಿ ತುಕ್ಕು ತಿಂದು ತೂತಾಗಿತ್ತು. ಎಳನೀರಿನ ಸ್ಟ್ರಾ ಮಧ್ಯ ಸೀಳಿದ್ರೆ ಬಾಯಿಗೆ ಗಾಳಿ ಬರುತ್ತಲ್ಲ, ಅದೇ ಕಥೆ. ಡೀಸೆಲ್ ಆ ತೂತಿಗಿಂತ ಮೇಲಿದ್ರೆ ಏನೂ ಆಗಲ್ಲ, ಕೆಳಗಿಳಿದು ಏರಲ್ಲಿ ಹಿಂದಕ್ಕೆ ಸರಿದ್ರೆ ಗಾಳಿ ಎಳೆಯುತ್ತೆ. ತೂತು ಟ್ಯಾಂಕೊಳಗೇ ಇದ್ದಿದ್ರಿಂದ ಹೊರಗೆ ಒಂದು ಹನಿ ಸೋರೋದೂ ಕಾಣಲ್ಲ. ಪೈಪ್ ಬದಲಾಯಿಸಿ, ಟ್ಯಾಂಕ್ ತೊಳೆದು, ಲೈನಿನ ಏರ್ ತೆಗೆದು ಕೊಟ್ರು. ಈಗ ಟ್ಯಾಂಕ್ ಕಮ್ಮಿ ಇದ್ರೂ ಲೋಡ್ ಹಾಕ್ಕೊಂಡು ಘಾಟಿ ಹತ್ತುತ್ತೆ.

ನಾನು ಕೇಳ್ತಿರೋದು ಇಷ್ಟು. ಪಂಪ್ ಮತ್ತು ಸೊಲೆನಾಯ್ಡ್ ಕೆಲ್ಸದ ದುಡ್ಡು ಲೇಬರ್ ಸಮೇತ ವಾಪಸ್ ಕೊಡಿ, ಫಿಲ್ಟರ್ ದುಡ್ಡು ನಂಗೆ ಬೇಡ. ಪಂಪಿನ ಕ್ಯಾಲಿಬ್ರೇಷನ್ ಮಾಡೋ ಮುಂಚೆ, ಮಾಡಿದ ಮೇಲೆ ಬೆಂಚಲ್ಲಿ ಏನ್ ರೀಡಿಂಗ್ ಬಂತು ಅಂತ ರಿಪೋರ್ಟ್ ಕೊಡಿ, ಬಿಚ್ಚಿದ ಹಳೇ ಸೊಲೆನಾಯ್ಡ್ ನಂದು, ಅದನ್ನೂ ಕೊಡಿ. ತೂತಾದ ಪೈಪ್, ಗುಳ್ಳೆ ಬರೋ ವಿಡಿಯೋ, ನಿಮ್ಮ ಜಾಬ್ ಕಾರ್ಡ್, ಬಿಲ್ ಎಲ್ಲಾ ನನ್ ಹತ್ರ ಇವೆ. 15 ದಿನದೊಳಗೆ ಉತ್ತರ ಬರದಿದ್ರೆ 1915 ಗ್ರಾಹಕ ಸಹಾಯವಾಣಿಗೆ ಕಂಪ್ಲೇಂಟ್ ಮಾಡಿ, ಅಲ್ಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. ಬಾಡಿಗೆ ಗಾಡಿಗೆ ಗ್ರಾಹಕ ಕಾನೂನು ಬರಲ್ಲ ಅಂತ ನಿಮ್ಮ ಕೌಂಟರಲ್ಲಿ ಹೇಳಿದ್ರು, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಇಟ್ಕೊಂಡಿರೋನು ಗ್ರಾಹಕನೇ ಅಂತ 2019ರ ಕಾಯ್ದೇಲೇ ಇದೆ.

ಉತ್ತರ ಬರವಣಿಗೇಲೇ ಕೊಡಿ, ಫೋನಲ್ಲಿ ಬೇಡ.

ಇಂತಿ,
ಗಾಡಿ ಮಾಲೀಕ ಮತ್ತು ಡ್ರೈವರ್
ಸಕಲೇಶಪುರ